ಹೋಗುವ ಎಳೆ, ಬರುವ ಎಳೆ

(ನವನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)

ಅಧ್ಯಕ್ಷರೇ, ತಾಯಿಯವರ ಹೆಸರಿನಲ್ಲಿ ಈ ದತ್ತಿ ಇಟ್ಟಿರುವ ಮನೆಯವರೇ, ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರೇ, ಹಿಂದಿನ ಸಾಲಿನಲ್ಲಿ ಕುಳಿತು ಆಗಲೇ ಚೀಲದಿಂದ ಕಡ್ಡಿ, ಉಲನ್ ಹೊರತೆಗೆದಿರುವ ನನ್ನ ಗೆಳತಿಯರೇ,

ಉಪನ್ಯಾಸಕ್ಕೆ ಕರೆಯಲು ಫೋನ್ ಮಾಡಿದವರು "ವಿಷಯ ಏನ್ ಇಟ್ಕೋತೀರಿ?" ಎಂದು ಕೇಳಿದರು. "ಸ್ವೆಟರ್ ಹಾಕೋದು, ಕಸೂತಿ ತಗಿಯೋದು ಬಿಟ್ರ ನನಗ ಬ್ಯಾರೆ ಏನೂ ಗೊತ್ತಿಲ್ರಿ" ಎಂದೆ. "ಅದನ್ನ ಹೇಳ್ರಿ" ಎಂದರು. ಪ್ರೌಢಶಾಲೆಯಲ್ಲಿ ಹೊಲಿಗೆ ಟೀಚರ್ ಆಗಿದ್ದವಳು ನಾನು. ನಿವೃತ್ತಿಯಾದ ಮೇಲೆ 12 ವರ್ಷಗಳಿಂದ ಒಂದು ಹೆಗಲ ಚೀಲ ಹೊತ್ತುಕೊಂಡು ಊರೂರಿಗೆ ಹೋಗಿ ಹೆಣಿಗೆ, ಕ್ರೋಶಾ, ಕಸೂತಿ ಕಲಿಸುತ್ತಿದ್ದೇನೆ. ಆ ತಿರುಗಾಟದಲ್ಲಿ ತಿಳಿದದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಮಾತಿಗೆ ಮೊದಲು ಈ ಬಟ್ಟೆಯ ತುಂಡನ್ನು ಮುಂದಿನ ಸಾಲಿಗೆ ಕೊಡುತ್ತಿದ್ದೇನೆ. ಕೈಯಿಂದ ಕೈಗೆ ಹಿಂದಕ್ಕೆ ಹೋಗಲಿ. ಮುಂಭಾಗ ನೋಡಿ, ತಿರುವಿ ಹಿಂಭಾಗವನ್ನೂ ನೋಡಿ. ಒಂದು ಗೋಪುರ ಪೂರ್ತಿಯಾಗಿದೆ, ಇನ್ನೊಂದು ಅರ್ಧಕ್ಕೇ ನಿಂತಿದೆ. ಸೂಜಿ ಅದರಲ್ಲೇ ಇದೆ, ಕೈ ಜೋಪಾನ.

1. ಗಾವಂತಿಯ ದಾರಿ

ಕಸೂತಿಯಲ್ಲಿ ನಾಲ್ಕು ಬಗೆಯ ಹೊಲಿಗೆಗಳಿವೆ. ಗಾವಂತಿ, ಮುರ್ಗಿ, ನೇಗಿ, ಮೆಂತೆ. ನೇಗಿ ನೇಯ್ದಂತೆ ಕಾಣುತ್ತದೆ. ಮೆಂತೆ ಅಡ್ಡಡ್ಡ ಗೀಟುಗಳ ಗುಣಾಕಾರ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನಿಮ್ಮ ಕೈಯಲ್ಲಿರುವ ಗೋಪುರ ಗಾವಂತಿಯದು. ಬಟ್ಟೆಯ ಮೇಲೆ ಪೆನ್ಸಿಲ್ಲಿನ ಗೆರೆ ಇಲ್ಲ, ಅಚ್ಚು ಇಲ್ಲ. ಬಟ್ಟೆಯ ಎಳೆ ಎಣಿಸಿಕೊಂಡೇ ಗೋಪುರ, ತೇರು, ತುಳಸಿಕಟ್ಟೆ, ಆನೆ ಅಂಬಾರಿ, ತೊಟ್ಟಿಲು ಎಲ್ಲವನ್ನೂ ತೆಗೆಯಬೇಕು.

ಗಾವಂತಿಯಲ್ಲಿ ಸೂಜಿ ಒಂದು ದಾರಿಯಲ್ಲಿ ಹೋಗುತ್ತದೆ, ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಹೋಗುವಾಗ ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ. ಆಗ ಬಟ್ಟೆಯ ಮೇಲೆ ಒಂದು ಗೀಟು, ಒಂದು ಖಾಲಿ, ಒಂದು ಗೀಟು, ಒಂದು ಖಾಲಿ. ನೋಡಿದವರಿಗೆ ಗೋಪುರವೋ ಇರುವೆಯ ಸಾಲೋ ಗೊತ್ತಾಗುವುದಿಲ್ಲ. ಬರುವಾಗ ಖಾಲಿಬಿಟ್ಟಲ್ಲೆಲ್ಲ ದಾರ ಕೂರುತ್ತದೆ, ಗೆರೆ ಕೂಡಿಕೊಳ್ಳುತ್ತದೆ. ಗಂಟು ಹಾಕುವಂತಿಲ್ಲ, ದಾರದ ತುದಿಯನ್ನು ಹೊಲಿಗೆಯ ಕೆಳಗೇ ಅಡಗಿಸಬೇಕು. ಹಾಗಾಗಿ ಬಟ್ಟೆಗೆ ಮುಂದು, ಹಿಂದು ಎಂಬುದೇ ಉಳಿಯುವುದಿಲ್ಲ. ಹೋಗುವಾಗ ಒಂದೇ ಒಂದು ಎಳೆ ತಪ್ಪಿ ಎಣಿಸಿದಿರೋ, ಅದು ಗೊತ್ತಾಗುವುದು ವಾಪಸ್ ಬರುವಾಗ.

ಯೂರೋಪಿನಲ್ಲೂ ಈ ಹೊಲಿಗೆ ಇದೆ. ಅಲ್ಲಿ ಇದಕ್ಕೆ ಹೋಲ್ಬೈನ್ ಹೊಲಿಗೆ ಎನ್ನುತ್ತಾರೆ. ಹೋಲ್ಬೈನ್ ಹೊಲಿಗೆಯವನಲ್ಲ, 16ನೇ ಶತಮಾನದ ಚಿತ್ರಕಾರ. ಇಂಗ್ಲೆಂಡಿನ ರಾಜ 8ನೇ ಹೆನ್ರಿಯ ಆಸ್ಥಾನದವರ ಚಿತ್ರ ಬರೆದವನು. ಆ ಚಿತ್ರಗಳಲ್ಲಿ ಕಾಲರು, ತೋಳಿನ ಪಟ್ಟಿಗಳ ಮೇಲೆ ಕಪ್ಪು ದಾರದ ಇಂಥ ಕೆಲಸ ಕಾಣುತ್ತದೆ ಎಂಬ ಕಾರಣಕ್ಕೆ ಅವನ ಹೆಸರು ಬಂತು. ಕುಂಚ ಹಿಡಿದವನ ಹೆಸರು ಹೊಲಿಗೆಗೆ ಅಂಟಿಕೊಂಡಿತು, ಸೂಜಿ ಹಿಡಿದವಳ ಹೆಸರು ಯಾರಿಗೂ ಗೊತ್ತಿಲ್ಲ. ನಮ್ಮವರು ಆ ಗೊಡವೆಗೇ ಹೋಗದೆ ಗಾವಂತಿ ಎಂದು ಕರೆದುಕೊಂಡರು, ಒಳ್ಳೆಯದೇ ಆಯಿತು.

ಗಣಿತದ ಮಾತೊಂದು ಇಲ್ಲಿ ಹೇಳಬೇಕು. 1736ರಲ್ಲಿ ಆಯ್ಲರ್ ಎಂಬ ಗಣಿತಜ್ಞ ಕ್ಯೋನಿಗ್ಸ್‌ಬರ್ಗ್ ಎಂಬ ಊರಿನ ಏಳು ಸೇತುವೆಗಳನ್ನು, ಒಂದನ್ನೂ ಎರಡು ಸಲ ದಾಟದೆ ಸುತ್ತಿ ಬರಲು ಆಗುವುದಿಲ್ಲ ಎಂದು ತೋರಿಸಿಕೊಟ್ಟ. ಅದೇ ಲೆಕ್ಕದ ಇನ್ನೊಂದು ಮಗ್ಗುಲಿದೆ. ಪ್ರತಿ ದಾರಿಯಲ್ಲೂ ಸರಿಯಾಗಿ ಎರಡು ಸಲ ನಡೆಯಿರಿ ಎಂದರೆ, ಕೂಡಿಕೊಂಡಿರುವ ಎಂಥ ಆಕೃತಿಯನ್ನಾದರೂ ಪೂರ್ತಿ ಸುತ್ತಿ ಹೊರಟ ಜಾಗಕ್ಕೇ ಬರಬಹುದು. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಅಜ್ಜಿಯಂದಿರು ಗೋಪುರದ ಒಂದೊಂದು ಕವಲಿಗೂ ಹೋಗಿ, ತಿರುಗಿ, ಮತ್ತೆ ನಡುಗೆರೆಗೆ ಬಂದು, ಕೊನೆಗೆ ಸೂಜಿ ಚುಚ್ಚಿದ ಮೊದಲ ತೂತಿನಲ್ಲೇ ಸೂಜಿ ತೆಗೆಯುತ್ತಿದ್ದರು. ಇದು ಅವರ ಕೈಗೆ ಗೊತ್ತಿದ್ದ ಲೆಕ್ಕ.

ನಾನು ಈಗ ಹೇಳಲಿರುವುದೆಲ್ಲ ಈ ಒಂದು ಹೊಲಿಗೆಯಿಂದ ಹೊರಟದ್ದು. ಕಲಿಸಲು ಹೋಗುವುದು ಬರೀ ಹೋಗುವ ಎಳೆ. ಅದೊಂದರಿಂದಲೇ ಯಾವ ಆಕೃತಿಯೂ ಮೂಡುವುದಿಲ್ಲ.

2. ಕೈಕೆಲಸ ಊರು ದಾಟಿದ ಬಗೆ

ಧಾರವಾಡ ಸೀಮೆಯಲ್ಲಿ ಕಸೂತಿಯನ್ನು ಊರಿಂದ ಊರಿಗೆ ಒಯ್ದವರು ಯಾರು? ನನ್ನ ಲೆಕ್ಕದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳು. ತವರಿನಲ್ಲಿ ಕರಿ ಚಂದ್ರಕಾಳಿ ಸೀರೆಯ ಮೇಲೋ ಇಳಕಲ್ ಸೀರೆಯ ಮೇಲೋ ಕಸೂತಿ ತೆಗೆದುಕೊಂಡು, ಅದನ್ನುಟ್ಟು ಅತ್ತೆಯ ಮನೆಗೆ ಹೋದವಳು ಸೀರೆಯ ಜೊತೆಗೆ ಕೈಯನ್ನೂ ಒಯ್ದಳು. ಅಲ್ಲಿ ನಾದಿನಿ ನೋಡಿದಳು, ನೆರೆಮನೆಯವಳು ನೋಡಿದಳು. ಸೆರಗಿನ ಹತ್ತಿರ ದೊಡ್ಡ ದೊಡ್ಡ ತೇರು, ಗೋಪುರ, ಒಡಲಿಗೆ ಸರಿದಂತೆ ಸಣ್ಣ ಸಣ್ಣ ಚುಕ್ಕಿ, ಹೂವು. ಆ ಜೋಡಣೆ ಊರೂರಿಗೆ ಹಾಗೇ ದಾಟಿತು. ಪಂಚಮಿಗೆ ತವರಿಗೆ ಬಂದಾಗ ಅತ್ತೆಯ ಊರಿನಲ್ಲಿ ನೋಡಿದ ಹೊಸ ನಮೂನೆಯೊಂದು ಅವಳ ಜೊತೆ ಬರುತ್ತಿತ್ತು. ಹೋಗುವ ಎಳೆ, ಬರುವ ಎಳೆ.

ಇದಕ್ಕೆ ತದ್ವಿರುದ್ಧದ ಕತೆ ನಮ್ಮ ಜಿಲ್ಲೆಯಲ್ಲೇ ಇದೆ. ನವಲಗುಂದದ ಜಮಖಾನ ನಿಮಗೆಲ್ಲ ಗೊತ್ತು. ವಿಜಾಪುರದ ಆದಿಲಶಾಹಿ ಸೀಮೆಯಿಂದ ಬಂದ ನೇಕಾರರ ಕೈಕೆಲಸ ಎಂದು ಹೇಳುತ್ತಾರೆ. ಮನೆಯ ಹೆಂಗಸರೇ ನಿಂತ ಮಗ್ಗದ ಮುಂದೆ ಕೂತು ನೇಯುವಂಥದ್ದು. ಅಲ್ಲಿ ಹಿಂದೆ ಒಂದು ಕಟ್ಟಳೆ ಇತ್ತಂತೆ. ವಿದ್ಯೆಯನ್ನು ಮಗಳಿಗೆ ಕಲಿಸಬಾರದು, ಕಲಿಸಿದರೆ ಮದುವೆಯಾಗಿ ಬೇರೆ ಮನೆಗೆ ಒಯ್ಯುತ್ತಾಳೆ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಅದೊಂದೇ ಹೊಟ್ಟೆಪಾಡು ಆಗಿದ್ದಾಗ ಕೈಯ ಗುಟ್ಟನ್ನು ಯಾರು ಬಿಟ್ಟುಕೊಡುತ್ತಾರೆ? ಆದರೆ ಇವತ್ತು ನವಲಗುಂದದಲ್ಲಿ ಆ ಮಗ್ಗದ ಮುಂದೆ ಕೂರುವವರನ್ನು ಬೆರಳಲ್ಲಿ ಎಣಿಸಬಹುದು. 2011ರಲ್ಲಿ ಜಮಖಾನಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಕಸೂತಿಗೆ ಅದು 2006ರಲ್ಲೇ ಸಿಕ್ಕಿತ್ತು. ಮಾನ್ಯತೆಯ ಕಾಗದ ಹೆಸರನ್ನು ಕಾಯುತ್ತದೆ. ಕೈಯನ್ನು ಕಾಯಲು ಇನ್ನೊಂದು ಕೈಯೇ ಬೇಕು.

ಇನ್ನು ಕಡ್ಡಿಯ ಹೆಣಿಗೆ. ಇದು ನಮ್ಮ ನೆಲದ್ದಲ್ಲ, ಮುಚ್ಚುಮರೆ ಬೇಡ. ಕಡ್ಡಿಯಲ್ಲಿ ಹೆಣೆದ ಹಳೆಯ ಮಾದರಿಗಳು ಸಿಕ್ಕಿರುವುದು ಈಜಿಪ್ಟಿನಲ್ಲಿ, ಬಿಳಿ ಮತ್ತು ನೀಲಿ ಹತ್ತಿ ನೂಲಿನ ಕಾಲುಚೀಲಗಳು. ಹೆಣಿಗೆ ಎಂದರೆ ಉಣ್ಣೆ, ಉಣ್ಣೆ ಎಂದರೆ ಚಳಿದೇಶ ಎಂದುಕೊಂಡಿದ್ದ ನನಗೆ ಇದು ತಿಳಿದ ದಿನ ಖುಷಿಯಾಯಿತು. ಬಿಸಿಲ ನಾಡಿನ ಹತ್ತಿಯಲ್ಲೇ ಹೆಣಿಗೆ ಹುಟ್ಟಿದ್ದರೆ ಬಿಸಿಲ ನಾಡಿನ ನಾವು ನಾಚಿಕೊಳ್ಳಬೇಕಿಲ್ಲ. ಅಲ್ಲಿಂದ ಸ್ಪೇನಿಗೆ ಬಂತು. 1275ರಲ್ಲಿ ತೀರಿಕೊಂಡ ಅಲ್ಲಿನ ರಾಜಕುಮಾರನೊಬ್ಬನ ಸಮಾಧಿಯಲ್ಲಿ ಹೆಣೆದ ದಿಂಬು ಸಿಕ್ಕಿದೆ. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ಕೈಹೆಣಿಗೆಯ ಕತೆ ಮುಗಿಯಿತು ಎಂದು ಅವತ್ತಿನಿಂದಲೂ ಹೇಳುತ್ತಲೇ ಬಂದಿದ್ದಾರೆ.

ನಮ್ಮ ಕಡೆ ಕಡ್ಡಿ, ಕ್ರೋಶಾ ಬಂದದ್ದರಲ್ಲಿ ಮಿಷನರಿಗಳ ಪಾಲು ದೊಡ್ಡದು. ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಮಿಷನ್ ಶಾಲೆ ಎಂದರೆ ಹೆಣ್ಣುಮಕ್ಕಳಿಗೆ ಅಕ್ಷರದ ಜೊತೆ ಸೂಜಿಯೂ ಇರುತ್ತಿದ್ದ ಕಾಲ ಅದು. ಆಂಧ್ರದ ನರಸಾಪುರಕ್ಕೆ 1844ರ ಸುಮಾರಿಗೆ ಸ್ಕಾಟ್ಲೆಂಡಿನ ಮಿಷನರಿಗಳು ಕ್ರೋಶಾ ಲೇಸ್ ತಂದರು, ಗೋದಾವರಿಯ ಬಯಲಿನ ಮನೆಮನೆಗೆ ಅದು ಹರಡಿತು. ಆ ಕತೆಗೆ ಆಮೇಲೆ ಬರುತ್ತೇನೆ.

3. ಚೀಲ ಹೊತ್ತು ಹೊರಟದ್ದು

ನಾನು ನವನಗರದವಳು. ಹುಬ್ಬಳ್ಳಿಯವರು ನಮ್ಮನ್ನು ಧಾರವಾಡದ ಕಡೆಯವರು ಎನ್ನುತ್ತಾರೆ, ಧಾರವಾಡದವರು ಹುಬ್ಬಳ್ಳಿಯವರು ಎನ್ನುತ್ತಾರೆ. 1962ರಲ್ಲಿ ಎರಡೂ ಊರು ಒಂದೇ ಮಹಾನಗರಪಾಲಿಕೆಯಾದವು. ನಡುವಿನ 20 ಕಿಲೋಮೀಟರಿನಲ್ಲಿ ನಮ್ಮ ಬಡಾವಣೆ ಬೆಳೆಯಿತು. ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಕುಣಿಕೆಗೆ ಕುಣಿಕೆ ಕೊಟ್ಟು ಕೂಡಿಸುವ ಜಾಗ ಒಂದಿರುತ್ತದಲ್ಲ, ನವನಗರ ಆ ಜಾಗ. ತಿರುಗಾಡುವವಳಿಗೆ ಇದಕ್ಕಿಂತ ಅನುಕೂಲದ ಊರಿಲ್ಲ. 2018ರಲ್ಲಿ ಎರಡೂ ಊರಿನ ನಡುವೆ ಚಿಗರಿ ಬಸ್ ಶುರುವಾದ ಮೇಲಂತೂ ಯಾವ ಕಡೆಗೆ ಹೋಗಬೇಕಾದರೂ ಮೊದಲ ಬಸ್ ಹಿಡಿಯುವುದು ಚಿಂತೆಯೇ ಅಲ್ಲ.

ಚೀಲದಲ್ಲಿ ಇರುವುದಿಷ್ಟು: 8, 9, 10, 11 ನಂಬರಿನ ಕಡ್ಡಿಗಳು, ಕ್ರೋಶಾ ಸೂಜಿಗಳು, ಎರಡು ಬಣ್ಣದ ಉಲನ್ ಉಂಡೆ, ಹತ್ತಿ ದಾರ, ಟೇಪು, ಕತ್ತರಿ, ಹೆಣೆದು ತೋರಿಸಲು ಕೂಸಿನ ಟೊಪಗಿ, ಕಾಲುಚೀಲ. ಜೊತೆಗೆ ಬೇಕೆಂದೇ ತಪ್ಪು ಹೆಣೆದ ಒಂದು ತುಂಡು. ಆ ತಪ್ಪಿನ ತುಂಡೇ ನನ್ನ ದೊಡ್ಡ ಪಠ್ಯಪುಸ್ತಕ. ಚೆಂದದ ಸ್ವೆಟರ್ ತೋರಿಸಿದರೆ ಹೆಂಗಸರು "ಭಾಳ ಛಂದ ಆಗೇತ್ರಿ" ಎಂದು ಹಿಂದೆ ಸರಿಯುತ್ತಾರೆ. ತಪ್ಪಿದ್ದನ್ನು ತೋರಿಸಿದರೆ ಹತ್ತಿರ ಬರುತ್ತಾರೆ. "ಇಲ್ಲಿ ಒಂದು ಕುಣಿಕಿ ಬಿಟ್ಟೈತಿ ನೋಡ್ರಿ ಅಕ್ಕಾರ" ಎಂದು ಬೆರಳಿಡುತ್ತಾರೆ. ಬೆರಳಿಟ್ಟವಳು ಕಲಿತಳೆಂದೇ ಲೆಕ್ಕ.

ಕಲಿಸುವಾಗ ಎಲ್ಲಿ ಕೂರಬೇಕು ಎಂಬುದು ಗೊತ್ತಾಗಲು ನನಗೆ ಎರಡು ವರ್ಷ ಬೇಕಾಯಿತು. ಶಾಲೆಯ ಅಭ್ಯಾಸದಿಂದ ಎದುರಿಗೆ ನಿಂತು ಕಲಿಸುತ್ತಿದ್ದೆ. ಎದುರಿಗೆ ನಿಂತರೆ ಕನ್ನಡಿ. ನನ್ನ ಬಲಗೈ ಅವರ ಎಡಕ್ಕೆ. ನಲವತ್ತು ಜನ ತಲೆಯಲ್ಲೇ ತಿರುವಿಕೊಂಡು ಹೆಣೆಯಬೇಕು. ಒಮ್ಮೆ ಕಲಘಟಗಿಯ ಹತ್ತಿರದ ಹಳ್ಳಿಯಲ್ಲಿ ಎಲ್ಲರೂ ತಪ್ಪುತ್ತಿದ್ದಾಗ ಒಬ್ಬ ಹುಡುಗಿ ಮಾತ್ರ ಸರಸರ ಹೆಣೆಯುತ್ತಿದ್ದಳು. ನೋಡಿದರೆ ಅವಳು ಎಡಚಿ. ಅವತ್ತಿನಿಂದ ಬಲಗೈಯವರ ಮಗ್ಗುಲಲ್ಲಿ ಕೂರುತ್ತೇನೆ, ಎಡಗೈಯವರನ್ನು ಎದುರಿಗೆ ಕೂರಿಸಿಕೊಳ್ಳುತ್ತೇನೆ. ಈ ಸಣ್ಣ ಸಂಗತಿಯನ್ನು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ.

ಎಣಿಕೆಯದೂ ಹಾಗೇ. ಅಣ್ಣಿಗೇರಿಯ ಕಡೆಯ ಒಂದು ಹಳ್ಳಿಯಲ್ಲಿ ಹಿರಿಯಳೊಬ್ಬಳ ಕುಣಿಕೆ ಪ್ರತಿ ಸಾಲಿನಲ್ಲೂ ಸರಿಯಾಗಿರುತ್ತಿತ್ತು. ಓದು ಬರಹ ಇಲ್ಲ. ಹೇಗೆ ಎಣಿಸುತ್ತಾಳೆಂದು ಕಿವಿಗೊಟ್ಟೆ. "ಲಾಭ, ಎರಡು, ಮೂರು, ನಾಕು..." ಕಣದಲ್ಲಿ ಜೋಳ ಅಳೆಯುವಾಗ ಮೊದಲ ಕೊಳಗಕ್ಕೆ ಒಂದು ಎನ್ನದೆ ಲಾಭ ಎನ್ನುವ ನಮ್ಮ ಪದ್ಧತಿ ಇದೆಯಲ್ಲ, ಅದನ್ನೇ ಕಡ್ಡಿಯ ಮೇಲೆ ತಂದಿದ್ದಳು. ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಹಾಗೇ ಇನ್ನೊಂದು ಕಡ್ಡಿಗೆ ಜಾರಿಸಿದರೆ ಅಂಚು ನೇರ ಬರುತ್ತದೆ ಎಂದು ನಾನು ಎಷ್ಟು ಹೇಳಿದರೂ ಉಳಿದವರು ಮರೆಯುತ್ತಿದ್ದರು. ಅವಳು ಹೇಳಿದಳು, "ಮೊದಲನೇದು ಲಾಭ, ಅದನ್ನ ಮುಟ್ಟಬಾರ್ದು." ಈಗ ನಾನು ಎಲ್ಲ ಕಡೆಯೂ ಹಾಗೇ ಕಲಿಸುತ್ತೇನೆ. ಯಾರೂ ಮರೆಯುವುದಿಲ್ಲ.

4. ಮೂರು ದಿನದ ಶಿಬಿರ

ಈಗ ಸ್ವಲ್ಪ ಕಹಿ ಮಾತು. ಸಂಸ್ಥೆಯ ಹೆಸರು ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ. ಒಮ್ಮೆ ಮೂರು ದಿನದ ತರಬೇತಿಗೆ ಕರೆದರು. ಮೊದಲ ದಿನ ಉದ್ಘಾಟನೆ ಮುಗಿಯುವ ಹೊತ್ತಿಗೆ ಊಟದ ಹೊತ್ತಾಗಿತ್ತು. ಎರಡನೆಯ ದಿನ ಪೂರ್ತಿ ಕಲಿಸಿದೆ. ಮೂರನೆಯ ದಿನ ಮಧ್ಯಾಹ್ನಕ್ಕೆ ಸಮಾರೋಪ. ನಲವತ್ತು ಹೆಂಗಸರು, ಹದಿನೈದು ಜೊತೆ ಕಡ್ಡಿ. ಎಲ್ಲರಿಗೂ ಪ್ರಮಾಣಪತ್ರ ಸಿಕ್ಕಿತು, ಬ್ಯಾನರಿನ ಮುಂದೆ ಫೋಟೋ ಆಯಿತು. ಸೀದಾ ಮತ್ತು ಉಲ್ಟಾ, ಎರಡೂ ಬಂದದ್ದು ಆರು ಜನಕ್ಕೆ.

ಏಳು ತಿಂಗಳಾದ ಮೇಲೆ ಬೇರೆ ಕೆಲಸಕ್ಕೆ ಅದೇ ಊರಿಗೆ ಹೋಗಿದ್ದೆ. ಕಲಿತವಳೊಬ್ಬಳ ಮನೆಗೆ ಹೋದರೆ ಚಹಾ ಕೊಟ್ಟಳು. ಕಡ್ಡಿ ಎಲ್ಲಿ ಎಂದು ಕೇಳಿದೆ. ಒಳಗಿನಿಂದ ತಂದು ತೋರಿಸಿದಳು. "ಲಂಗಕ್ಕ ಲಾಡಿ ಪೋಣಿಸಾಕ ಭಾಳ ಉಪಯೋಗ ಆಗ್ತೈತ್ರಿ" ಎಂದಳು. ನಕ್ಕೆವು. ಆಮೇಲೆ ಟ್ರಂಕಿನಿಂದ ಒಂದು ಗೇಣು ಹೆಣೆದ ತುಂಡು ತೆಗೆದಳು. ಚೆನ್ನಾಗಿಯೇ ಹೆಣೆದಿದ್ದಳು. ಕುತ್ತಿಗೆಯ ಹತ್ತಿರ ಬಂದು ಕುಣಿಕೆ ಇಳಿಸುವುದು ತಿಳಿಯದೆ ನಿಲ್ಲಿಸಿದ್ದಳು. "ಯಾರ್ನ ಕೇಳಬೇಕ್ರಿ? ನೀವು ಹ್ವಾದವ್ರು ಬರಲೇ ಇಲ್ಲ."

ಅಲ್ಲೇ ಕೂತು ಹತ್ತು ನಿಮಿಷದಲ್ಲಿ ಹೇಳಿಕೊಟ್ಟೆ. ಬೇಕಿದ್ದದ್ದು ಆ ಹತ್ತು ನಿಮಿಷ. ಮೂರು ದಿನದ ಖರ್ಚು, ಬ್ಯಾನರು, ಹಾರ, ಊಟ ಎಲ್ಲ ಸೇರಿಯೂ ಆ ಹತ್ತು ನಿಮಿಷವನ್ನು ಕೊಟ್ಟಿರಲಿಲ್ಲ. ಏಕೆಂದರೆ ಅನುಮಾನ ಹುಟ್ಟುವುದು ಶಿಬಿರದಲ್ಲಿ ಅಲ್ಲ, ಶಿಬಿರ ಮುಗಿದು ಅವಳೊಬ್ಬಳೇ ಕಟ್ಟೆಯ ಮೇಲೆ ಕೂತಾಗ. ಗೀಟು, ಖಾಲಿ, ಗೀಟು, ಖಾಲಿ ಎಂದು ಇರುವೆಯ ಸಾಲು ಬಿಟ್ಟು ಬಂದಿದ್ದೆ ನಾನು. ಅವತ್ತು ವಾಪಸ್ಸಿನ ಬಸ್ಸಿನಲ್ಲಿ ಒಂದು ತೀರ್ಮಾನ ಮಾಡಿದೆ. ಎರಡನೆಯ ಸಲ ಬರಲು ಒಪ್ಪದ ಕಡೆಗೆ ಮೊದಲನೆಯ ಸಲವೂ ಹೋಗುವುದಿಲ್ಲ.

5. ಬರುವ ಎಳೆಯಲ್ಲಿ ಬಂದದ್ದು

ಎರಡನೆಯ ಸಲ ಹೋಗಲು ಶುರು ಮಾಡಿದ ಮೇಲೆ ನನಗೆ ಗೊತ್ತಾದದ್ದು, ಆಗ ಕಲಿಯುವವಳು ನಾನೇ ಎಂದು.

ಕಸೂತಿಯ ಗೋಪುರವನ್ನು ಸ್ವೆಟರಿನ ಎದೆಯ ಮೇಲೆ ಎರಡು ಬಣ್ಣದಲ್ಲಿ ಹೆಣೆಯಬೇಕೆಂದು ನನಗೆ ಬಹಳ ದಿನದ ಆಸೆ. ಚೌಕಳಿ ಹಾಳೆಯ ಮೇಲೆ ಬರೆದು, ಒಂದು ಚೌಕಕ್ಕೆ ಒಂದು ಕುಣಿಕೆಯಂತೆ ಕಲಿಸಿ ಬಂದೆ. ಅಳ್ನಾವರದ ಕಡೆಯ ಊರಿಗೆ ಮತ್ತೆ ಹೋದಾಗ ಹೆಣೆದವಳು ತಂದು ಮುಂದಿಟ್ಟಳು. "ಅಕ್ಕಾರ, ಗೋಪುರ ಕುಳ್ಳ ಆಗೇತ್ರಿ." ನಿಜ, ದೇವಸ್ಥಾನ ಚಪ್ಪಟೆಯಾಗಿ ಬಸ್ ನಿಲ್ದಾಣದಂತೆ ಕಾಣುತ್ತಿತ್ತು. ಕಸೂತಿಯ ಬಟ್ಟೆಯಲ್ಲಿ ಹಾಸಿನ ಎಳೆ, ಹೊಕ್ಕಿನ ಎಳೆ ಹೆಚ್ಚುಕಡಿಮೆ ಸಮ, ಚೌಕ ಚೌಕವಾಗೇ ಇರುತ್ತದೆ. ಹೆಣಿಗೆಯ ಕುಣಿಕೆ ಹಾಗಲ್ಲ. ಅದರ ಅಗಲ ಹೆಚ್ಚು, ಎತ್ತರ ಕಡಿಮೆ. ಸಾಮಾನ್ಯವಾಗಿ ಅಡ್ಡ 5 ಕುಣಿಕೆ ಹಿಡಿಯುವ ಜಾಗವನ್ನು ಉದ್ದಕ್ಕೆ ತುಂಬಲು 7 ಸಾಲು ಬೇಕು. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ, ಆದರೆ ಗೋಪುರಕ್ಕೆ ಅನ್ವಯಿಸಬೇಕೆಂದು ಹೊಳೆದಿರಲಿಲ್ಲ. ಅವಳು ಲೆಕ್ಕ ಮಾಡದೆ, ಕಣ್ಣಳತೆಯಿಂದಲೇ ಪ್ರತಿ ಐದು ಸಾಲಿಗೆ ಎರಡು ಸಾಲು ಹೆಚ್ಚು ಹೆಣೆದು ಎರಡನೆಯ ಗೋಪುರ ಎಬ್ಬಿಸಿದ್ದಳು. ಅದು ನೆಟ್ಟಗೆ ನಿಂತಿತ್ತು.

ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದ ಎಲಿಜಬೆತ್ ಜಿಮ್ಮರ್‌ಮನ್ ಹೆಸರನ್ನು ಹೆಣಿಗೆಯವರೆಲ್ಲ ಗೌರವದಿಂದ ಹೇಳುತ್ತಾರೆ. 1910ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ಅಲ್ಲಿಗೆ ಹೋಗಿ ನೆಲೆಸಿದವರು. 1974ರಲ್ಲಿ ಹೆಣಿಗೆಯ ಶಿಬಿರ ಶುರು ಮಾಡಿದರು. ವರ್ಷ ವರ್ಷವೂ ನಡೆದ ಆ ಶಿಬಿರವನ್ನು ಆಮೇಲೆ ಮಗಳು ಮುಂದುವರಿಸಿದರು. ತಾನು ಹೊಸದಾಗಿ ಕಂಡುಕೊಂಡದ್ದನ್ನು ತನ್ನ ಆವಿಷ್ಕಾರ ಎಂದು ಹೇಳಿಕೊಳ್ಳಲು ಆಕೆ ಒಪ್ಪುತ್ತಿರಲಿಲ್ಲ. ಎಲ್ಲೋ, ಯಾವಳೋ ಇದನ್ನು ಮೊದಲೇ ಹೆಣೆದಿರುತ್ತಾಳೆ ಎಂಬುದು ಆಕೆಯ ನಂಬಿಕೆ. ಅಳ್ನಾವರದ ಕಡೆಯ ಗೋಪುರ ನೋಡಿದಾಗ ನನಗೆ ಆಕೆಯ ನೆನಪಾಯಿತು. ಐದಕ್ಕೆ ಏಳು ಎಂಬುದನ್ನು ಈಗ ನಾನು ಕಲಿಸುವಾಗ ನನ್ನ ಹೆಸರಿನಲ್ಲಿ ಹೇಳುವುದಿಲ್ಲ.

ಇನ್ನೊಂದು ಸಂಗತಿ ನಮ್ಮ ನವನಗರದ್ದೇ. ಇಲ್ಲಿನ ಕ್ಯಾನ್ಸರ್ ಆಸ್ಪತ್ರೆಗೆ ಸುತ್ತಲ ಜಿಲ್ಲೆಗಳಿಂದ ಜನ ಬರುತ್ತಾರೆ. ಔಷಧಿಯಿಂದ ಕೂದಲು ಉದುರಿದವರು ಸೆರಗು ಹೊದ್ದು ಬಸ್ ನಿಲ್ದಾಣದಲ್ಲಿ ಕೂತಿರುವುದನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಗುಂಪಿನವರು ಚಳಿಗಾಲದಲ್ಲಿ ಉಲನ್ ಟೊಪಗಿ ಹೆಣೆದು ಅಂಥವರಿಗೆ ಕೊಟ್ಟೆವು. ಕೊಟ್ಟೆವು ಎಂದು ಬಹಳ ಹೆಮ್ಮೆಪಟ್ಟೆವು. ತಿಂಗಳಾದ ಮೇಲೆ ಮತ್ತೆ ಸಿಕ್ಕ ಒಬ್ಬ ತಾಯಿ ಟೊಪಗಿಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಿದ್ದರು. ಬೇಸರ ಮಾಡಬಾರದೆಂದು ಮೊದಲು ಹೇಳಲಿಲ್ಲ. ಮತ್ತೆ ಕೇಳಿದಾಗ ಹೇಳಿದರು: "ಉಲನ್ ಚುಚ್ಚತೈತಿ ಯವ್ವಾ, ತೆಲಿ ಈಗ ಕೂಸಿನ ತೆಲಿ ಆಗೇತಿ. ಹತ್ತಿ ದಾರದಾಗ ಹಾಕು." ಕೂಸಿನ ತಲೆ ಎಂದ ಕೂಡಲೇ ಕೂಸುಗಳಿಗೆ ಹಾಕುವ ಕುಂಚಿಗೆ ನೆನಪಾಯಿತು. ಖಣದ ಬಟ್ಟೆಗೆ ಒಳಗೆ ಮೆತ್ತನೆಯ ಹಳೇ ಬಟ್ಟೆ ಕೊಟ್ಟು ಹೊಲಿಯುತ್ತಾರಲ್ಲ, ಹಾಗೆ ಹತ್ತಿ ದಾರದ ಟೊಪಗಿಗೆ ಒಳಗೆ ಹಳೇ ಪಂಚೆಯ ಪಟ್ಟಿ ಕೊಟ್ಟೆವು. ಈಗ ನಾವು ಹೆಣೆಯುವುದೆಲ್ಲ ಆ ತಾಯಿಯ ನಮೂನೆ. ಅವರನ್ನು ಎರಡನೆಯ ಸಲ ಕಾಣದೇ ಇದ್ದಿದ್ದರೆ ಇನ್ನೂ ಚುಚ್ಚುವ ಟೊಪಗಿಯನ್ನೇ ಹಂಚುತ್ತ ಹೆಮ್ಮೆಪಡುತ್ತಿದ್ದೆವು.

6. ಬಿಡುವಿನ ಕೆಲಸ ಎಂಬ ಮಾತು

ನರಸಾಪುರಕ್ಕೆ ವಾಪಸ್ ಬರುತ್ತೇನೆ ಎಂದಿದ್ದೆ. ಜರ್ಮನಿಯ ಮರಿಯಾ ಮೀಸ್ ಎಂಬ ಸಮಾಜವಿಜ್ಞಾನಿ ಅಲ್ಲಿನ ಲೇಸ್ ಹೆಣೆಯುವ ಹೆಂಗಸರ ಬಗ್ಗೆ 1982ರಲ್ಲಿ ಒಂದು ಪುಸ್ತಕ ತಂದರು. ಆಕೆ ಕಂಡದ್ದು ಇದು. ಹೊರದೇಶದ ಮಾರುಕಟ್ಟೆಗೆ ಹೋಗುವ ಮಾಲನ್ನು ದಿನವಿಡೀ ಹೆಣೆಯುವ ಹೆಂಗಸರನ್ನು ಯಾರೂ ಕೆಲಸಗಾರರು ಎಂದು ಎಣಿಸುತ್ತಿರಲಿಲ್ಲ. ಮನೆಯಲ್ಲಿರುವವರು, ಬಿಡುವಿನಲ್ಲಿ ಏನೋ ಮಾಡಿಕೊಳ್ಳುತ್ತಾರೆ ಎಂಬ ಮಾತು. ಆ ಮಾತಿನ ನೆರಳಲ್ಲಿ ಕೂಲಿ ಕಡಿಮೆಯಾಗೇ ಉಳಿಯಿತು, ಲಾಭ ವ್ಯಾಪಾರಿಯ ಕೈಗೆ ಹೋಯಿತು. ಈ ಮಾತು ನಮ್ಮಲ್ಲೂ ಇದೆ. "ಖಾಲಿ ಕುಂತೀಯಲ್ಲ, ಒಂದು ಸ್ವೆಟರ್ ಹಾಕಿಕೊಡು" ಎಂದು ಯಾರೂ ಕೇಳದ ಹೆಂಗಸು ಈ ಸಭೆಯಲ್ಲಿ ಇದ್ದರೆ ಕೈಯೆತ್ತಿ.

ಚಳಿಗಾಲ ಬಂತೆಂದರೆ ಹುಬ್ಬಳ್ಳಿಯಲ್ಲಿ ಟಿಬೆಟಿನವರ ಸ್ವೆಟರ್ ಅಂಗಡಿಗಳು ಸಾಲಾಗಿ ಕೂರುತ್ತವೆ. 1966ರಲ್ಲಿ ಮುಂಡಗೋಡದಲ್ಲಿ ಅವರ ಶಿಬಿರ ಆಯಿತು. ಊರು ಬಿಟ್ಟು ಬಂದ ಜನ ಉಣ್ಣೆಬಟ್ಟೆಯ ವ್ಯಾಪಾರದಿಂದ ಬದುಕು ಕಟ್ಟಿಕೊಂಡರು. ಅಲ್ಲಿ ಸಿಗುವ ಮಾಲಿನಲ್ಲಿ ಬಹುಪಾಲು ಲುಧಿಯಾನದ ಯಂತ್ರದ್ದು. ನನಗೆ ಅದರ ಮೇಲೆ ಸಿಟ್ಟಿಲ್ಲ, ನಾನೂ ಒಂದು ತೆಗೆದುಕೊಂಡಿದ್ದೇನೆ. ಅದರ ಜೊತೆ ದರದಲ್ಲಿ ಪೈಪೋಟಿ ಮಾಡಿ ಎಂದು ಯಾರಿಗೂ ಹೇಳುವುದಿಲ್ಲ. ಎರಡು ವರ್ಷದ ಕೂಸಿಗೆ ಒಂದು ಸ್ವೆಟರ್ ಹೆಣೆಯಲು ನನಗೆ ಮನೆಗೆಲಸದ ನಡುವೆ ಹತ್ತು ಸಂಜೆ ಬೇಕು. ಉಲನ್ನಿನ ಬೆಲೆ ಎಷ್ಟೆಂದು ಎಲ್ಲರೂ ಕೇಳುತ್ತಾರೆ, ಸಂಜೆಯ ಬೆಲೆ ಎಷ್ಟೆಂದು ಕೇಳಿದವರಿಲ್ಲ. ಹಾಗಾಗಿ ನಾನು ಕಲಿಸುವ ಕಡೆಯೆಲ್ಲ ಮೊದಲ ದಿನವೇ ಒಂದು ನೋಟುಬುಕ್ಕಿನಲ್ಲಿ ಸಂಜೆ ಎಣಿಸಿ ಬರೆಯಲು ಹೇಳುತ್ತೇನೆ. ಮಾರಿದರೆ ಸಂಜೆಯ ಬೆಲೆ ಹಿಡಿದು ಮಾರಿ. ಉಡುಗೊರೆ ಕೊಡುವುದಾದರೆ ಹತ್ತು ಸಂಜೆ ಕೊಟ್ಟೆ ಎಂದು ತಿಳಿದು ಕೊಡಿ.

ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳನ್ನು ನೋಡಿ. ಅಲ್ಲಿನ ಕುಶಲ ಕಲಾ ಕೇಂದ್ರದ ಮೂಲಕ ತಮ್ಮ ಕಸೂತಿಯನ್ನು ಮಾರಿ ಬೆಲೆ ಪಡೆಯುತ್ತಿದ್ದಾರೆ. 2010ರಲ್ಲಿ ಅವರ ಕೆಲಸಕ್ಕೂ ಭೌಗೋಳಿಕ ಸೂಚಕ ಬಂತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 1,755 ಬಗೆಯ ಲಂಬಾಣಿ ಕಸೂತಿ ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆ ಮಾಡಿದರು. ದಾಖಲೆಗಿಂತ ನನಗೆ ಮುಖ್ಯವಾದದ್ದು ಒಟ್ಟಿಗೆ ಇಟ್ಟರು ಎಂಬುದು. ಟ್ರಂಕಿನಲ್ಲಿ ಒಂಟಿಯಾಗಿದ್ದಾಗ ಅದು ಬಿಡುವಿನ ಕೆಲಸ. ಪಕ್ಕದಲ್ಲಿ ಇನ್ನೊಬ್ಬಳದ್ದು ಇಟ್ಟಾಗ ಅದು ವಿದ್ಯೆ.

7. ದತ್ತಿಯ ಮಾತು

ಮುಗಿಸುವ ಮುಂಚೆ ಈ ದತ್ತಿಯ ಮನೆಯವರಲ್ಲಿ ಒಂದು ಕೋರಿಕೆ. ದತ್ತಿ ಎಂದರೆ ಮೂಲಧನ ಕದಲದೆ ಕೂತಿರುತ್ತದೆ, ಬಡ್ಡಿ ವರ್ಷಕ್ಕೊಮ್ಮೆ ಹೊರಗೆ ಹೋಗಿ ಒಂದು ಉಪನ್ಯಾಸ ಮಾಡಿಸುತ್ತದೆ. ಇವತ್ತಿನ ಬಡ್ಡಿಯಲ್ಲಿ ನನಗೆ ಒಂದು ಶಾಲು, ಒಂದು ಹಾರ, ಒಂದು ಹಣ್ಣಿನ ಬುಟ್ಟಿ, ಸ್ವಲ್ಪ ಸಂಭಾವನೆ ಇದೆ. ಶಾಲು ಕೊಡಬೇಡಿ, ಶಾಲು ನಾನೇ ಹೆಣೆಯುತ್ತೇನೆ. ಆ ಹಣದಲ್ಲಿ ಕಲಿಸುವವಳೊಬ್ಬಳಿಗೆ ಎರಡನೆಯ ಸಲ ಹೋಗಿಬರಲು ಬಸ್ ಚಾರ್ಜು ಕೊಡಿ. ಮೊದಲ ಸಲಕ್ಕೆ ಕೊಡುವವರು ಬಹಳ ಜನ ಇದ್ದಾರೆ, ಅವರಿಗೆ ಬ್ಯಾನರು ಬೇಕು, ಫೋಟೋ ಬೇಕು. ಎರಡನೆಯ ಸಲ ಹೋದಾಗ ಫೋಟೋ ತೆಗೆಯುವಂಥದ್ದು ಏನೂ ಇರುವುದಿಲ್ಲ. ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಕೂತು ಒಂದು ಕುತ್ತಿಗೆಯ ಇಳಿಸುವ ಲೆಕ್ಕ ಬಿಡಿಸುತ್ತಿರುತ್ತಾರೆ, ಅಷ್ಟೇ. ಆ ಹತ್ತು ನಿಮಿಷಕ್ಕೆ ದುಡ್ಡು ಕೊಡುವವರು ಯಾರೂ ಇಲ್ಲ.

ನನಗೆ ಈಗ ಮೊಣಕಾಲು ನೋವು. ಚೀಲ ಹೊರುವ ಹುಡುಗಿಯರು ಇಬ್ಬರು ಸಿಕ್ಕಿದ್ದಾರೆ. ಅವರಲ್ಲಿ ಒಬ್ಬಳು ಕಲಘಟಗಿಯ ಕಡೆಯ ಆ ಎಡಚಿ ಹುಡುಗಿ. ಬಲಗೈಯವರನ್ನು ಎದುರಿಗೆ ಕೂರಿಸಿಕೊಂಡು ಕಲಿಸುತ್ತಾಳೆ, ನನಗಿಂತ ಬೇಗ ಕಲಿಸುತ್ತಾಳೆ. ಅವಳ ಬಸ್ ಚಾರ್ಜಿನ ಮಾತೇ ನಾನು ಹೇಳಿದ್ದು.

ಆ ಬಟ್ಟೆಯ ತುಂಡು ಕೊನೆಯ ಸಾಲಿಗೆ ಮುಟ್ಟಿರಬೇಕು. ಎರಡನೆಯ ಗೋಪುರದಲ್ಲಿ ಹೋಗುವ ಎಳೆಯನ್ನು ಮಾತ್ರ ಹಾಕಿ ತಂದಿದ್ದೇನೆ. ಹಿಂದಿನ ಸಾಲಿನ ಗೆಳತಿಯರೇ, ವಾಪಸ್ ಕಳಿಸುವಾಗ ಒಬ್ಬೊಬ್ಬರೂ ಒಂದೊಂದು ಹೊಲಿಗೆ ಹಾಕಿ ಮುಂದಕ್ಕೆ ಕೊಡಿ. ಎಳೆ ಎಣಿಸಿ ಹಾಕಿ. ಅವಸರ ಏನಿಲ್ಲ, ನಾನು ಇಲ್ಲೇ ಕೂತಿರುತ್ತೇನೆ.